ಹಳೆಯ ಬಿನ್ನವತ್ತಳೆಗಳ ಹೊಸ ಅಚ್ಚು

ತೀರಿಹೋದ ಹಿರಿಯರನ್ನು ಕುರಿತು ಅವರ ಸಮಕಾಲೀನರು ಬರೆದ ಮಾತುಗಳನ್ನು ಹಳೆಯ ಪತ್ರಿಕೆಗಳಿಂದಲೂ ಅಭಿನಂದನ ಗ್ರಂಥಗಳಿಂದಲೂ ಹೆಕ್ಕಿ ತೆಗೆದು ಮತ್ತೆ ಅಚ್ಚು ಹಾಕಿಸುವ ಪರಿಪಾಠ ನಮ್ಮಲ್ಲಿ ಬೆಳೆದಿದೆ. ಶತಮಾನೋತ್ಸವ ಬಂದರೆ ಒಂದು ಸಂಪುಟ, ಸಂಸ್ಥೆಗೆ ಐವತ್ತು ತುಂಬಿದರೆ ಇನ್ನೊಂದು. ಕವಿಗಳ ವಿಷಯದಲ್ಲಿ ಇದು ಎಷ್ಟರ ಮಟ್ಟಿಗೆ ಅಗತ್ಯವೆಂದು ಕೇಳಬಹುದು. ಕವಿಯ ಕಾವ್ಯವೇ ಕಣ್ಣೆದುರಿಗಿರುವಾಗ ಅವನನ್ನು ಯಾರು ಹೇಗೆ ಹೊಗಳಿದರೆಂಬುದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ವಿಶ್ವವಿದ್ಯಾಲಯವನ್ನು ನಡೆಸಿದವರ ಮಾತು ಹಾಗಲ್ಲ. ಅವರು ಬಿಟ್ಟುಹೋಗುವುದು ಕಡತಗಳನ್ನು, ಸಭೆಯ ನಡವಳಿಗಳನ್ನು, ಬಹಳವಾದರೆ ಒಂದು ಕಟ್ಟಡದ ಅಡಿಗಲ್ಲನ್ನು. ಒಂದು ವಿಭಾಗ ಹುಟ್ಟಿದ್ದು ಯಾರ ಹಟದಿಂದ, ಒಬ್ಬ ಬಡ ಹುಡುಗನಿಗೆ ವಿದ್ಯಾರ್ಥಿವೇತನ ದೊರೆತದ್ದು ಯಾರ ಒಂದು ಸಾಲಿನ ಷರಾದಿಂದ ಎಂಬುದು ನಡವಳಿಯ ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಅಲ್ಲಿರುವುದು “ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂಬ ಮಾತು ಮಾತ್ರ. ಮಿಕ್ಕದ್ದನ್ನು ಹೇಳಬಲ್ಲವರು ಆಗ ಅಲ್ಲಿದ್ದವರು. ಅವರು ಹೇಳಿರುವುದು ಬಹುಮಟ್ಟಿಗೆ ಹೊಗಳಿಕೆಯ ರೂಪದಲ್ಲಿ. ಆದ್ದರಿಂದ ಹೊಗಳಿಕೆಯನ್ನು ತಳ್ಳಿಹಾಕುವಂತಿಲ್ಲ, ಹಾಗೆಯೇ ನಂಬುವಂತೆಯೂ ಇಲ್ಲ. ಅದನ್ನು ಓದುವ ಬಗೆಯೇ ಬೇರೆಯಾಗಬೇಕು. ಅಚ್ಚು ಹಾಕಿಸುವವರು ಆ ಬಗೆಯನ್ನು ಓದುಗರಿಗೆ ತೋರಿಸಿಕೊಡಬೇಕು.

ಈ ಮಾತಿಗೆ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರಿಗಿಂತ ಒಳ್ಳೆಯ ನಿದರ್ಶನ ನಮ್ಮಲ್ಲಿಲ್ಲ. ಅವರು ಉಪಕುಲಪತಿಗಳಾಗಿರಲಿಲ್ಲ, ನಿಜ. 1926ರಿಂದ 1930ರ ವರೆಗೆ ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರರಾಗಿದ್ದರು; ಆಗ ಉಪಕುಲಪತಿಗಳ ಪೀಠದಲ್ಲಿದ್ದವರು ಬಂಗಾಳದ ತತ್ತ್ವಜ್ಞಾನಿ ಸರ್ ಬ್ರಜೇಂದ್ರನಾಥ ಶೀಲರು. ಆದರೆ ಕಚೇರಿಯ ರೀತಿಯನ್ನು ಬಲ್ಲವರಿಗೆ ರಿಜಿಸ್ಟ್ರಾರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ಯೋಚಿಸಿದ್ದು ಕೆಳಗಿಳಿದು ಬರುವುದು ಆ ಮೇಜಿನ ಮೂಲಕ, ಕೆಳಗಿನವರ ಅರ್ಜಿ ಮೇಲೇರುವುದೂ ಆ ಮೇಜಿನ ಮೂಲಕವೇ. ಕನ್ನಡದಲ್ಲಿ ಎಂ. ಎ. ತರಗತಿ ಮೈಸೂರಿನಲ್ಲಿ ಮೊದಲಾದದ್ದು 1927ರಲ್ಲಿ, ಶ್ರೀಯವರು ಆ ಮೇಜಿನಲ್ಲಿ ಕುಳಿತಿದ್ದ ಕಾಲದಲ್ಲಿ. ಕುವೆಂಪು, ಡಿ. ಎಲ್. ನರಸಿಂಹಾಚಾರ್ಯರು ಆ ತರಗತಿಯಿಂದ ಹೊರಬಂದವರು. ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರೊಬ್ಬರು ವಿಶ್ವವಿದ್ಯಾಲಯದ ಬೀಗದ ಕೈ ಹಿಡಿದಿದ್ದಾಗ ಕನ್ನಡಕ್ಕೆ ಬಾಗಿಲು ತೆರೆಯಿತೆಂಬುದು ನಮ್ಮ ಸಾಂಸ್ಕೃತಿಕ ಚರಿತ್ರೆಯ ದೊಡ್ಡ ಸಂಗತಿ. ಅವರ ಮೇಲಿನ ಪ್ರಶಂಸೆಗಳೆಲ್ಲ ಈ ಸಂಗತಿಯನ್ನು ಸುತ್ತಿಕೊಂಡಿವೆ.

ಅದಕ್ಕೇ ಇಲ್ಲಿ ಮೊದಲ ಎಚ್ಚರಿಕೆ ಬೇಕು. ಬಾಗಿಲನ್ನು ಒಬ್ಬರೇ ತೆರೆದರೆ? ಶೀಲರ ಒಪ್ಪಿಗೆ ಇಲ್ಲದೆ, ಸೆನೆಟ್ಟಿನ ಬೆಂಬಲವಿಲ್ಲದೆ, ಸರ್ಕಾರ ಹಣ ಕೊಡದೆ ಯಾವ ತರಗತಿಯೂ ನಡೆಯಲಾರದು. ತರಗತಿಯನ್ನು ನಿಜವಾಗಿ ನಡೆಸಿದವರು ಪ್ರಾಧ್ಯಾಪಕ ಟಿ. ಎಸ್. ವೆಂಕಣ್ಣಯ್ಯನವರು. ಶ್ರದ್ಧಾಂಜಲಿಯ ಸ್ವಭಾವವೇ ಹಲವರ ಕೆಲಸವನ್ನು ಒಬ್ಬರ ಖಾತೆಗೆ ಜಮಾ ಮಾಡುವುದು. ಬರೆದವರು ಸುಳ್ಳು ಹೇಳಿದರೆಂದಲ್ಲ. ಶೋಕಸಭೆಯಲ್ಲಿ ಲೆಕ್ಕ ಒಪ್ಪಿಸುವುದು ಸಭ್ಯತೆಯಲ್ಲವೆಂದು ಅವರು ಸುಮ್ಮನಿದ್ದರು. ಐವತ್ತು, ಎಪ್ಪತ್ತು ವರ್ಷಗಳ ಮೇಲೆ ಅದನ್ನೇ ಅಚ್ಚು ಹಾಕಿಸುವ ಸಂಪಾದಕರಿಗೆ ಆ ಸಂಕೋಚ ಇರಬೇಕಾಗಿಲ್ಲ. ಒಂದು ಅಡಿಟಿಪ್ಪಣಿಯಲ್ಲಿ ಲೆಕ್ಕ ಸರಿಪಡಿಸಿದರೆ ಶ್ರೀಯವರ ಹಿರಿಮೆ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ. ವೆಂಕಣ್ಣಯ್ಯನವರಿಗೆ ಅವರ ಶಿಷ್ಯರು ಸಲ್ಲಿಸಿದ ಗೌರವ ಇನ್ನೊಂದು ಬಗೆಯದು: ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿರುವುದು ಅವರಿಗೆ. ಅದನ್ನು ಯಾರೂ ಮರುಮುದ್ರಣ ಮಾಡಿಸಬೇಕಾಗಿಲ್ಲ. ಕಾವ್ಯ ಅಚ್ಚಾದಾಗಲೆಲ್ಲ ಅದೂ ಅಚ್ಚಾಗುತ್ತದೆ.

ಎರಡನೆಯ ಮಾತು ಕಾಲದ್ದು. ಹೊಗಳಿಕೆಯ ಕೆಳಗೆ ತಾರೀಖು ಇಲ್ಲದಿದ್ದರೆ ಅದಕ್ಕೆ ಅರ್ಧ ಬೆಲೆ. ರಿಜಿಸ್ಟ್ರಾರ್ ಎಂದರೆ ಪರೀಕ್ಷಕರ ಪಟ್ಟಿ, ಪಠ್ಯಪುಸ್ತಕದ ಆಯ್ಕೆ, ಹುದ್ದೆಯ ನೇಮಕ ಇವೆಲ್ಲಕ್ಕೂ ಹತ್ತಿರದ ಮನುಷ್ಯ. ಅಂಥವರನ್ನು ಅವರು ಅಧಿಕಾರದಲ್ಲಿರುವಾಗ ಹೊಗಳುವುದು ಒಂದು. ಅವರಿಂದ ಏನನ್ನೂ ಪಡೆಯುವಂತಿಲ್ಲದಾಗ ಹೊಗಳುವುದು ಮತ್ತೊಂದು. ಶ್ರೀಯವರ ಬಾಳು ಈ ಎರಡನ್ನೂ ಬೇರ್ಪಡಿಸಿ ತೋರಿಸಲು ಅನುಕೂಲವಾಗಿದೆ. 1928ರಲ್ಲಿ ಅವರು ಅಧಿಕಾರದ ನಡುವಿನಲ್ಲಿದ್ದರು. 1941ರಲ್ಲಿ ‘ಸಂಭಾವನೆ’ ಎಂಬ ಗ್ರಂಥ ಅವರ ಕೈಸೇರಿದಾಗ ಆ ಮೇಜನ್ನು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. 1946ರ ಜನವರಿ 5ರಂದು ಧಾರವಾಡದಲ್ಲಿ ಕಣ್ಣು ಮುಚ್ಚಿದಾಗ ಅವರು ಕೆ. ಇ. ಬೋರ್ಡಿನ ಆರ್ಟ್ಸ್ ಕಾಲೇಜಿನ ಪ್ರಿನ್ಸಿಪಾಲರು. ಊರಿಂದ ದೂರ ಬಂದು, ವಯಸ್ಸಾದ ಕಾಲದಲ್ಲಿ, ಹೊಸ ಕಾಲೇಜೊಂದನ್ನು ಕಟ್ಟುತ್ತಿದ್ದವರು. ಈ ಮೂರು ಕಾಲದ ಮಾತುಗಳನ್ನು ಒಂದೇ ಸಂಪುಟದಲ್ಲಿ ಅಕಾರಾದಿಯಾಗಿ ಪೋಣಿಸಿಬಿಟ್ಟರೆ ಓದುಗನಿಗೆ ದೊರೆಯುವುದು ಹೊಗಳಿಕೆಯ ಹೂರಣ ಮಾತ್ರ. ಕಾಲಾನುಕ್ರಮದಲ್ಲಿ ಇಟ್ಟರೆ ಅದೇ ಲೇಖನಗಳು ಒಂದರ ಮೇಲೊಂದು ಸಾಕ್ಷಿ ಹೇಳತೊಡಗುತ್ತವೆ. ನಮ್ಮ ಸಂಪುಟಗಳಲ್ಲಿ ಲೇಖಕರ ಹಿರಿತನಕ್ಕೆ ತಕ್ಕಂತೆ ಲೇಖನಗಳನ್ನು ಜೋಡಿಸುವ ಒಂದು ಅಭ್ಯಾಸ ಬೇರೆ ಇದೆ. ಮಂತ್ರಿಗಳ ಸಂದೇಶ ಮೊದಲು, ಶಿಷ್ಯನ ನೆನಪು ಕಡೆಗೆ. ಅದು ಮದುವೆ ಊಟದ ಪಂಕ್ತಿಗೆ ಸರಿ, ಗ್ರಂಥಕ್ಕೆ ಸರಿಯಲ್ಲ.

1928 ಎಂದೆವು. ಆ ವರ್ಷ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಕಲಬುರ್ಗಿಯಲ್ಲಿ, ಅಧ್ಯಕ್ಷರು ಬಿ. ಎಂ. ಶ್ರೀಕಂಠಯ್ಯನವರು. ಸಮ್ಮೇಳನಾಧ್ಯಕ್ಷರ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಸಿಕ್ಕುತ್ತದೆ, ಅಷ್ಟೆ. ಆದರೆ ಆ ಸಾಲಿನ ಹಿಂದಿನ ಸನ್ನಿವೇಶವನ್ನು ನೆನೆಯಿರಿ. ಕಲಬುರ್ಗಿ ಆಗ ನಿಜಾಮರ ಸಂಸ್ಥಾನದ ಊರು. ಕಚೇರಿಯ ಭಾಷೆ ಉರ್ದು. ಮೇಲಿನ ವಿದ್ಯೆ ಬೇಕಾದವರು ಹೈದರಾಬಾದಿಗೆ ಹೋಗಬೇಕು. ಅಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಇದರಲ್ಲಿ ಒಂದು ವಿಚಿತ್ರವುಂಟು. ದೇಶಭಾಷೆಯಲ್ಲಿ ಉಚ್ಚ ಶಿಕ್ಷಣ ಕೊಡಬಹುದೆಂದು ಮಾಡಿ ತೋರಿಸಿದ್ದು ಉಸ್ಮಾನಿಯಾ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷನ್ನೇ ಹಿಡಿದುಕೊಂಡಿತ್ತು. ಆದರೆ ಭೀಮಾತೀರದ ಕನ್ನಡ ಹುಡುಗನಿಗೆ ಎರಡೂ ಪರಭಾಷೆಗಳೇ. ಉಸ್ಮಾನಿಯಾದಲ್ಲಿ ಡಿ. ಕೆ. ಭೀಮಸೇನರಾಯರಂಥವರು ಕನ್ನಡದ ಪಾಠ ಹೇಳುತ್ತಿದ್ದರು, ಅದೇ ಅಲ್ಲಿ ನಮ್ಮ ಪಾಲಿನ ಆಸರೆ. ಇಂಥ ನೆಲಕ್ಕೆ ಮೈಸೂರು ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರು, ಅದೂ ಇಂಗ್ಲಿಷಿನ ಪ್ರಾಧ್ಯಾಪಕರು, ಕನ್ನಡ ಸಮ್ಮೇಳನದ ಅಧ್ಯಕ್ಷರಾಗಿ ಬಂದರು. ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಹೊರಬಂದು ಎರಡು ವರ್ಷವಾಗಿತ್ತು. ಅವರನ್ನು ಬರಮಾಡಿಕೊಂಡವರಿಗೆ ಮೈಸೂರಿನ ವಿಶ್ವವಿದ್ಯಾಲಯದಿಂದ ಹುದ್ದೆಯಾಗಲಿ ಪರೀಕ್ಷಕತನವಾಗಲಿ ಬರುವಂತಿರಲಿಲ್ಲ. ಅವರು ಬೇರೊಂದು ಸಂಸ್ಥಾನದ ಪ್ರಜೆಗಳು. ಅಧಿಕಾರದಲ್ಲಿದ್ದವರಿಗೆ ಅಧಿಕಾರದ ಹಂಗಿಲ್ಲದವರು ಆಡಿದ ಸ್ವಾಗತದ ಮಾತು ಎಂಬ ಕಾರಣಕ್ಕಾಗಿಯೇ ಕಲಬುರ್ಗಿಯ ಮಾತಿಗೆ ಮೈಸೂರಿನ ಮಾತಿಗಿಂತ ಹೆಚ್ಚು ತೂಕವಿದೆ. ಅಪರೂಪದ ಪ್ರಶಂಸೆಗಳನ್ನು ಹುಡುಕುವವರು ಮೊದಲು ಹುಡುಕಬೇಕಾದ್ದು ಇಂಥವನ್ನು: ಈ ಕಡೆಯ ವಕೀಲರ, ಶಾಲಾಮಾಸ್ತರರ, ವಾಚನಾಲಯ ನಡೆಸುತ್ತಿದ್ದವರ ಮಾತುಗಳನ್ನು.

ಜೇವರ್ಗಿ ತಾಲೂಕಿನ ನೆಲೋಗಿಯನ್ನೇ ತೆಗೆದುಕೊಳ್ಳಿ. ಜೇವರ್ಗಿಯಿಂದ ಸಿಂದಗಿಗೆ ಹೋಗುವ ಹಾದಿಯ ಮೇಲಿನ ಊರು. ಪತ್ರಿಕೆ ಓದುವವರಿಗೆ ಅದು 2004ರಿಂದ 2006ರ ವರೆಗೆ ಮುಖ್ಯಮಂತ್ರಿಗಳಾಗಿದ್ದ ಎನ್. ಧರ್ಮಸಿಂಗರ ಊರೆಂದು ಗೊತ್ತು. ಅವರ ಪೀಳಿಗೆಯವರು ಉಚ್ಚ ಶಿಕ್ಷಣಕ್ಕೆ ಹೋದದ್ದು ಹೈದರಾಬಾದಿಗೆ. ಧರ್ಮಸಿಂಗರೂ ಉಸ್ಮಾನಿಯಾದಲ್ಲಿ ಓದಿದವರು. 1956ರಲ್ಲಿ ನಾಡು ಒಂದಾದ ಮೇಲೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಕ್ಷೆಗೆ ಬಂದವು. 1970ರಲ್ಲಿ ಕಲಬುರ್ಗಿಯಲ್ಲಿ ಸ್ನಾತಕೋತ್ತರ ಕೇಂದ್ರ ಏರ್ಪಟ್ಟಿತು. 1980ರಲ್ಲಿ ಅದೇ ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಆಳಂದ ತಾಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂತು. ಹೈದರಾಬಾದು, ಧಾರವಾಡ, ಕಲಬುರ್ಗಿ, ಕಡಗಂಚಿ ಎಂದು ವಿಶ್ವವಿದ್ಯಾಲಯ ಈ ಜಿಲ್ಲೆಯೊಳಕ್ಕೇ ನಡೆದು ಬಂದಿದೆ. ಹೀಗೆ ಬಂದ ಹಾದಿಯಲ್ಲಿ ಯಾರು ಯಾರಿಗೆ ಕೃತಜ್ಞರಾಗಿದ್ದರೆಂಬ ದಾಖಲೆ ಒಂದೆಡೆ ಸೇರಿದರೆ ಅದು ಕೇವಲ ವ್ಯಕ್ತಿಪೂಜೆಯ ಪುಸ್ತಕವಾಗದು, ಈ ಜಿಲ್ಲೆಯ ವಿದ್ಯೆಯ ಚರಿತ್ರೆಯಾದೀತು.

ಇನ್ನು ಬಿನ್ನವತ್ತಳೆಗಳ ಮಾತು. ಅಪರೂಪ ಎಂಬ ಶಬ್ದ ನಿಜವಾಗಿ ಸಲ್ಲುವುದು ಇವಕ್ಕೆ. ಲೇಖನವಾದರೆ ಪತ್ರಿಕೆಯ ಐನೂರೋ ಸಾವಿರವೋ ಪ್ರತಿಗಳಲ್ಲಿ ಎಲ್ಲಾದರೂ ಒಂದು ಉಳಿದೀತು. ಬಿನ್ನವತ್ತಳೆ ಸಾಮಾನ್ಯವಾಗಿ ಒಂದೇ ಪ್ರತಿ. ಸಭೆಯಲ್ಲಿ ಗಟ್ಟಿಯಾಗಿ ಓದಿ, ಕಟ್ಟುಹಾಕಿಸಿದ ಗಾಜಿನೊಳಗಿನ ಆ ಹಾಳೆಯನ್ನು ಹಾರದ ಜೊತೆಗೆ ಕೈಗೆ ಕೊಟ್ಟರೆ ಅದರ ಸಾರ್ವಜನಿಕ ಜೀವನ ಮುಗಿಯಿತು. ಮುಂದೆ ಅದು ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ತಲೆಮಾರು, ಅಟ್ಟದ ಮೇಲೆ ಇನ್ನೊಂದು ತಲೆಮಾರು. ಆಮೇಲೆ ಗಾಜು ಒಡೆದು, ಗೆದ್ದಲು ತಿಂದು, ಚೌಕಟ್ಟು ಮಾತ್ರ ಇನ್ನಾವುದೋ ದೇವರ ಪಟಕ್ಕೆ ಒದಗುತ್ತದೆ. ಧಾರವಾಡ, ಕಲಬುರ್ಗಿಯ ಕಡೆ ಇದನ್ನು ಮಾನಪತ್ರ ಎನ್ನುವುದುಂಟು. ಹೆಸರು ಯಾವುದಾದರೂ ರೀತಿ ಒಂದೇ. ಮೊದಲು ಸಂಬೋಧನೆಗಳ ಸಾಲು, ಆಮೇಲೆ ‘ಪೂಜ್ಯರೇ’ ಎಂದು ಮೂರೋ ನಾಲ್ಕೋ ಕಂಡಿಕೆ, ಕಡೆಗೆ ‘ಇತಿ ತಮ್ಮ ವಿಧೇಯರು’. ನಡುನಡುವೆ ಕಂದಪದ್ಯವೋ ವೃತ್ತವೋ ಇದ್ದರೆ ಊರ ಪಂಡಿತರ ಕೈಯದು. ಸಾಹಿತ್ಯವೆಂದು ನೋಡಿದರೆ ಬಹುಪಾಲು ಬಿನ್ನವತ್ತಳೆಗಳಲ್ಲಿ ಹುರುಳಿಲ್ಲ. ಹಿಮಾಲಯ, ಸಾಗರ, ಕಲ್ಪವೃಕ್ಷ ಇವನ್ನು ಬಿಟ್ಟು ಅವು ಕದಲುವುದಿಲ್ಲ. ಆದರೂ ಅವುಗಳಲ್ಲಿ ಒಂದು ಕಂಡಿಕೆ ಮಾತ್ರ ಯಾವಾಗಲೂ ನಿಜ ಹೇಳುತ್ತದೆ, ಬೇಡಿಕೆಯ ಕಂಡಿಕೆ. ನಮ್ಮ ಊರಿಗೆ ಹೈಸ್ಕೂಲು ಬೇಕು, ನಮ್ಮ ಹುಡುಗರಿಗೆ ವಸತಿಗೃಹ ಬೇಕು, ನಮ್ಮ ಕನ್ನಡಕ್ಕೆ ಪರೀಕ್ಷೆಯಲ್ಲಿ ಸ್ಥಾನ ಬೇಕು ಎಂದು ವಿನಯದಿಂದ ಸೇರಿಸಿರುವ ಆ ನಾಲ್ಕು ಸಾಲು. ಹೊಗಳಿಕೆಯ ಸಕ್ಕರೆಯಲ್ಲಿ ಅದ್ದಿದ ಅರ್ಜಿ ಅದು. ಒಂದು ಊರಿಗೆ ಒಂದು ವರ್ಷದಲ್ಲಿ ಏನು ಇರಲಿಲ್ಲವೆಂದು ತಿಳಿಯಲು ಇದಕ್ಕಿಂತ ಉತ್ತಮ ಸಾಧನವಿಲ್ಲ. ಮರುಮುದ್ರಣ ಮಾಡುವವರು ಎಲ್ಲಕ್ಕೂ ಮೊದಲು ಕತ್ತರಿಸುವುದೂ ಇದನ್ನೇ, ‘ಪ್ರಾಸಂಗಿಕವಲ್ಲ’ ಎಂಬ ಕಾರಣಕ್ಕಾಗಿ. ಹಿಮಾಲಯವನ್ನು ಉಳಿಸಿಕೊಂಡು ಹೈಸ್ಕೂಲನ್ನು ಬಿಡುವುದು ಎಂಥ ವಿವೇಕ!

ಬಿರುದುಗಳ ವಿಷಯದಲ್ಲಿಯೂ ನಾಲ್ಕು ಮಾತು ಹೇಳಬೇಕಾಗಿದೆ. ಶ್ರೀಯವರನ್ನು ‘ಕನ್ನಡದ ಕಣ್ವ’ ಎಂದು ಕರೆಯುವುದು ವಾಡಿಕೆ. ಕೇಳಿ ಕೇಳಿ ಸವೆದುಹೋದ ಮಾತು. ಆದರೆ ಮೊದಲು ಆಡಿದವರ ಮನಸ್ಸಿನಲ್ಲಿ ಅದು ಬರಿಯ ಅಲಂಕಾರವಾಗಿರಲಾರದು. ಕಣ್ವನು ಶಕುಂತಲೆಯನ್ನು ಹೆತ್ತವನಲ್ಲ, ಎತ್ತಿ ಸಾಕಿದವನು. ‘ಇಂಗ್ಲಿಷ್ ಗೀತಗಳು’ ಬಹುಮಟ್ಟಿಗೆ ಹೆರವರ ಮನೆಯ ಮಕ್ಕಳು. ಶ್ರೀಯವರ ಆಶ್ರಮದಲ್ಲಿ ಕನ್ನಡದ ನಾರುಮಡಿ ಉಟ್ಟು ಬೆಳೆದರು. ‘ಗದಾಯುದ್ಧ ನಾಟಕಂ’ ರನ್ನನಿಂದ ಬಂದದ್ದು, ‘ಅಶ್ವತ್ಥಾಮನ್’ ಸಾಫೊಕ್ಲೀಸನ ಏಜಾಕ್ಸನಿಂದ, ‘ಪಾರಸಿಕರು’ ಈಸ್ಕಿಲಸನಿಂದ. ಹೀಗೆ ನೋಡಿದರೆ ಆ ಬಿರುದಿನಲ್ಲಿ ಹೊಗಳಿಕೆ ಎಷ್ಟಿದೆಯೋ ವಿಮರ್ಶೆಯೂ ಅಷ್ಟೇ ಇದೆ. ಸ್ವಂತ ಕೃತಿ ಕಡಿಮೆ, ಪೋಷಣೆ ಅಪಾರ ಎಂಬುದು ಶ್ರೀಯವರ ಮೇಲೆ ಯಾವ ಕಟುವಿಮರ್ಶಕನೂ ಹೇಳಬಹುದಾದ ಮಾತು. ಅದನ್ನು ಅವರ ಅಭಿಮಾನಿಗಳೇ ಒಂದು ಶಬ್ದದಲ್ಲಿ ಅಡಗಿಸಿ ಹೇಳಿಬಿಟ್ಟಿದ್ದಾರೆ. ಒಳ್ಳೆಯ ಸಂಪಾದಕ ಇಂಥ ಕಡೆ ಓದುಗನ ಮೊಣಕೈ ಮುಟ್ಟಿ ನಿಲ್ಲಿಸುತ್ತಾನೆ.

ಹಾಗೆಯೇ ‘ಮೊದಲಿಗರು’ ಎಂಬ ಮಾತು. ಹೊಸಗನ್ನಡ ಕವಿತೆಯೆಲ್ಲ ಶ್ರೀಯವರಿಂದಲೇ ಮೊದಲಾಯಿತೆಂದು ಬರೆಯುವುದು ಪ್ರಶಂಸೆಯ ಲೇಖನಗಳಲ್ಲಿ ಸಾಮಾನ್ಯ. ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟು ಬರೆಯತೊಡಗಿದ್ದು 1911ರ ಸುಮಾರಿಗೆ. ಪಂಜೆಯವರು, ಹಟ್ಟಿಯಂಗಡಿ ನಾರಾಯಣರಾಯರು, ಎಸ್. ಜಿ. ನರಸಿಂಹಾಚಾರ್ಯರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದದ್ದೂ ‘ಇಂಗ್ಲಿಷ್ ಗೀತಗಳು’ ಬರುವ ಮೊದಲೇ. ಆದರೂ ಒಂದು ಪೀಳಿಗೆಯ ಕಿವಿ ತೆರೆದದ್ದು ಶ್ರೀಯವರ ಪುಸ್ತಕದಿಂದ. ಏಕೆಂದರೆ ಅವರು ಕವಿತೆ ಬರೆದದ್ದಷ್ಟೇ ಅಲ್ಲ, ತರಗತಿಯಲ್ಲಿ, ಸಭೆಯಲ್ಲಿ, ವಿಶ್ವವಿದ್ಯಾಲಯದ ಕಚೇರಿಯಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟರು. ಮಂಜೇಶ್ವರದಲ್ಲಿ ಕುಳಿತ ಗೋವಿಂದ ಪೈಗಳಿಗೆ ವಿಶ್ವವಿದ್ಯಾಲಯವಿರಲಿಲ್ಲ. ಹಳೆಯ ಲೇಖನದಲ್ಲಿ ‘ಮೊದಲಿಗರು’ ಎಂದಿದ್ದರೆ ಅದನ್ನು ತಿದ್ದಬೇಕಾಗಿಲ್ಲ. ಆದರೆ ಕೆಳಗೆ ಈ ನಾಲ್ಕು ಹೆಸರನ್ನು ಕೊಡದೆ ಬಿಡುವುದು ಹೊಸ ಓದುಗನಿಗೆ ಮಾಡುವ ಅನ್ಯಾಯ.

‘ಸಂಭಾವನೆ’ಯ ಮಾತು ಬಂತು. ಅಭಿನಂದನ ಗ್ರಂಥದ ಪದ್ಧತಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೆಳೆದದ್ದು. ಹಿರಿಯ ವಿದ್ವಾಂಸನಿಗೆ ಶಿಷ್ಯರು ತಮ್ಮ ಸಂಶೋಧನೆಯ ಫಲವನ್ನು ಒಪ್ಪಿಸುವುದು ಅದರ ತಿರುಳು. ನಮ್ಮ ದೇಶದಲ್ಲಿ ಕಲ್ಕತ್ತೆಯ ಸರ್ ಆಶುತೋಷ್ ಮುಖರ್ಜಿಯವರಿಗೆ 1921ರಿಂದ ಹೊರಬಂದ ರಜತೋತ್ಸವ ಸಂಪುಟಗಳು ಇದರ ದೊಡ್ಡ ಮಾದರಿ. ಆಶುತೋಷರು ಆ ವಿಶ್ವವಿದ್ಯಾಲಯದ ಉಪಕುಲಪತಿಗಳು. ಮೈಸೂರಿಗೆ ಬರುವ ಮೊದಲು ನಮ್ಮ ಶೀಲರು ಅಲ್ಲಿಯೇ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕನ್ನಡದಲ್ಲಿ ಆ ದಾರಿ ಹಾಕಿದ್ದು ‘ಸಂಭಾವನೆ’. ಅದರ ಹೆಸರಲ್ಲೇ ಒಂದು ಔಚಿತ್ಯವಿದೆ: ಸಂಭಾವನೆ ಎಂದರೆ ಗೌರವವೂ ಹೌದು, ಗೌರವಪೂರ್ವಕವಾಗಿ ಕೊಡುವ ಕಾಣಿಕೆಯೂ ಹೌದು. ಶಿಷ್ಯರು ಮತ್ತು ಮಿತ್ರರು ಅಲ್ಲಿ ಕೊಟ್ಟದ್ದು ಸ್ತೋತ್ರಕ್ಕಿಂತ ಹೆಚ್ಚಾಗಿ ಕೆಲಸವನ್ನು, ಕನ್ನಡ ಸಾಹಿತ್ಯದ ಮೇಲಿನ ವಿದ್ವತ್ಪ್ರಬಂಧಗಳನ್ನು. ಆಮೇಲೆ ಬಂದ ಎಷ್ಟೋ ಅಭಿನಂದನ ಗ್ರಂಥಗಳಲ್ಲಿ ಈ ಪ್ರಮಾಣ ತಲೆಕೆಳಗಾಯಿತು. ಸಂದೇಶ, ಛಾಯಾಚಿತ್ರ, ಸ್ತೋತ್ರ ಮುಂದೆ, ಪ್ರಬಂಧ ಹಿಂದೆ. ಕಡೆಕಡೆಗೆ ಪ್ರಬಂಧವೇ ಇಲ್ಲ. ಈಗ ಮರುಮುದ್ರಣದ ಭರದಲ್ಲಿ ಇಂಥ ಹಳೆಯ ಗ್ರಂಥದಿಂದ ಹೊಗಳಿಕೆಯ ಪುಟಗಳನ್ನು ಮಾತ್ರ ಬಿಡಿಸಿಕೊಳ್ಳುವುದು ಬಾಳೆಹಣ್ಣಿನ ಸಿಪ್ಪೆ ಇಟ್ಟುಕೊಂಡು ತಿರುಳೆಸೆದಂತೆ. ಪ್ರಬಂಧಗಳೂ ಅಲ್ಲಿ ಪ್ರಶಂಸೆಯೇ. ಗುರು ಹಾಕಿದ ದಾರಿಯಲ್ಲಿ ಶಿಷ್ಯ ಎಷ್ಟು ದೂರ ನಡೆದನೆಂಬುದನ್ನು ತೋರಿಸುವ ಪ್ರಶಂಸೆ.

ಭಾಷೆಯ ತೊಡಕೂ ಇದೆ, ಸಣ್ಣದೆಂದು ಕಡೆಗಣಿಸುವಂತಿಲ್ಲ. ಹಿಂದೆ ವೈಸ್ ಛಾನ್ಸಲರರನ್ನು ಉಪಕುಲಪತಿ ಎನ್ನುತ್ತಿದ್ದರು. ಈ ಲೇಖನದಲ್ಲಿಯೂ ಹಳೆಯ ಕಾಲದವರಿಗೆ ನಾವು ಆ ಮಾತನ್ನೇ ಬಳಸಿದ್ದೇವೆ. ಈಗ ಅದೇ ಹುದ್ದೆಗೆ ಕುಲಪತಿ ಎಂದು ಹೆಸರು, ಛಾನ್ಸಲರರಿಗೆ ಕುಲಾಧಿಪತಿ ಎಂದು. 1956ರಿಂದ 1960ರ ವರೆಗೆ ಕುವೆಂಪು ಅವರು ಮೈಸೂರಿನಲ್ಲಿ ವಹಿಸಿದ್ದ ಹುದ್ದೆಯನ್ನು ಅಂದಿನ ಲೇಖನಗಳು ‘ಉಪಕುಲಪತಿ’ ಎಂದರೆ ಇಂದಿನ ವಿದ್ಯಾರ್ಥಿ ಅವರು ಎರಡನೆಯ ಸ್ಥಾನದಲ್ಲಿದ್ದರೇನೋ ಎಂದು ತಿಳಿದಾನು. ಇದನ್ನು ‘ಸರಿಪಡಿಸಲು’ ಹೋಗಿ ಹಳೆಯ ಪಾಠದಲ್ಲಿಯೇ ‘ಕುಲಪತಿ’ ಎಂದು ಹಾಕಿದರೆ ಇನ್ನೂ ಅನರ್ಥ. ಅದೇ ಕಾಲದ ಬೇರೆ ಲೇಖನದಲ್ಲಿ ಕುಲಪತಿ ಎಂದರೆ ಮಹಾರಾಜರೆಂದೋ ರಾಜ್ಯಪಾಲರೆಂದೋ ಇದ್ದೀತು. ಕಲಬುರ್ಗಿ, ಗುಲ್ಬರ್ಗ, 2014ರಿಂದ ಸರ್ಕಾರಿ ಕಾಗದಗಳಲ್ಲಿ ಕಲಬುರಗಿ, ಕರ್ಣಾಟಕ, ಕರ್ನಾಟಕ, ಇವೆಲ್ಲ ಇದ್ದಂತೆ ಇರಬೇಕು, ವಿವರಣೆ ಕೆಳಗಿರಬೇಕು. ಹಳೆಯ ಬರಹದ ಕಾಗುಣಿತವನ್ನು ಹೊಸದು ಮಾಡುವವರು ತಾವು ಓದುಗನಿಗೆ ಉಪಕಾರ ಮಾಡುತ್ತಿದ್ದೇವೆಂದುಕೊಳ್ಳುತ್ತಾರೆ. ಕಾಗುಣಿತದಲ್ಲಿ ಬರೆದವನ ಊರು, ವಯಸ್ಸು, ಓದಿದ ಶಾಲೆ ಎಲ್ಲ ಇರುತ್ತದೆಂಬುದು ಅವರಿಗೆ ಹೊಳೆದಂತಿಲ್ಲ.

ಕುವೆಂಪು ಅವರ ವಿಷಯದಲ್ಲಿ ತೊಡಕು ಇನ್ನೂ ಒಂದುಂಟು. ಅವರಿಗೆ ಸಂದ ಪ್ರಶಂಸೆಗಳಲ್ಲಿ ಕವಿಗೆ ಸಂದದ್ದೆಷ್ಟು, ಮಾನಸಗಂಗೋತ್ರಿಯನ್ನು ಕಟ್ಟಿದ ಆಡಳಿತಗಾರನಿಗೆ ಸಂದದ್ದೆಷ್ಟು ಎಂದು ಬಿಡಿಸುವುದು ಸುಲಭವಲ್ಲ. 1957ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದಾಗ ಅವರು ಎರಡೂ ಆಗಿದ್ದರು. (1967ರ ಜ್ಞಾನಪೀಠ ಪ್ರಶಸ್ತಿಯನ್ನು ಅವರೊಡನೆ ಹಂಚಿಕೊಂಡ ಗುಜರಾತಿಯ ಉಮಾಶಂಕರ ಜೋಶಿಯವರೂ ಗುಜರಾತ್ ವಿಶ್ವವಿದ್ಯಾಲಯದ ಅದೇ ಹುದ್ದೆಯಲ್ಲಿದ್ದವರು. ಕವಿಗಳಿಗೆ ಕಚೇರಿ ಒಗ್ಗದೆಂದು ಹೇಳುವವರು ಇದನ್ನು ಗಮನಿಸಬೇಕು.) ಇಲ್ಲಿ ಸಂಪಾದಕರಿಗೆ ಉಳಿದಿರುವ ದಾರಿ ಒಂದೇ: ಆಡಳಿತದ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ಹೇಳುವ ಲೇಖನಗಳನ್ನು ಆರಿಸಿಕೊಳ್ಳುವುದು, ಮಹಾಕವಿಯ ಮಹಿಮೆಯನ್ನು ಬೇರೆ ಪುಸ್ತಕಕ್ಕೆ ಬಿಡುವುದು.

ನಮ್ಮ ಭಾಗದ ಮಟ್ಟಿಗೆ ಹೆಚ್ಚು ಉಪಯುಕ್ತವಾದ ಹೋಲಿಕೆ ಡಿ. ಸಿ. ಪಾವಟೆಯವರದು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗಣಿತದ ರಾಂಗ್ಲರ್ ಆಗಿ, 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ನಡೆಸಿದವರು. ಹದಿಮೂರು ವರ್ಷ ಒಂದೇ ಪೀಠ! ಕಲಬುರ್ಗಿ, ಬೀದರ, ರಾಯಚೂರಿನ ಹುಡುಗರು ಕನ್ನಡ ನಾಡಿನ ವಿಶ್ವವಿದ್ಯಾಲಯವೊಂದರ ಪದವಿಪತ್ರದ ಮೇಲೆ ಮೊದಲು ಕಂಡ ಸಹಿ ಅವರದು. ಪ್ರಶಂಸೆಗಳ ಜೊತೆಗೆ ಇಟ್ಟು ನೋಡಲು ಅವರು ಇಂಗ್ಲಿಷಿನಲ್ಲಿ ಬರೆದ ಆತ್ಮಕಥನವಿದೆ, 1964ರದು. ಅಂದರೆ ಅಧಿಕಾರದಲ್ಲಿರುವಾಗಲೇ ಬರೆದದ್ದು. ನೇರ ಮಾತಿನ ಮನುಷ್ಯರು. ಆದರೂ ಕುರ್ಚಿಯಲ್ಲಿ ಕುಳಿತು ಬರೆದ ಆತ್ಮಕಥನವೂ ಒಂದು ಬಗೆಯಲ್ಲಿ ತನಗೆ ತಾನೇ ಸಲ್ಲಿಸಿಕೊಂಡ ಬಿನ್ನವತ್ತಳೆಯಲ್ಲವೇ ಎಂದು ಓದುಗ ಕೇಳಿಕೊಳ್ಳಬೇಕಾಗುತ್ತದೆ. ಪಾವಟೆಯವರನ್ನು ಕುರಿತ ಸಂಪುಟವೊಂದು ಬರುವುದಾದರೆ ಅದರಲ್ಲಿ ಅವರ ಅಭಿಮಾನಿಗಳ ಲೇಖನಗಳ ಎದುರಿಗೆ ಅಂದಿನ ಪತ್ರಿಕೆಗಳ ಆಕ್ಷೇಪದ ಲೇಖನಗಳನ್ನೂ ಇಡಬೇಕು. ಆಕ್ಷೇಪ ಎದುರಿಸದೆ ಹದಿಮೂರು ವರ್ಷ ಯಾರೂ ವಿಶ್ವವಿದ್ಯಾಲಯ ನಡೆಸಲಾರರು.

ಎಂ. ಎಂ. ಕಲಬುರ್ಗಿಯವರದು ಇದಕ್ಕೆ ಪೂರ್ತಿ ಬೇರೆಯಾದ ಕಥೆ. ಹುಟ್ಟಿದ್ದು ನೆಲೋಗಿಯ ನೆರೆಯ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ, 1938ರಲ್ಲಿ. 1998ರಿಂದ 2001ರ ವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಅಂದಿನಿಂದ ಅವರ ಮೇಲೆ ಬರೆದ ಪ್ರತಿಯೊಂದು ಸಾಲಿನಲ್ಲೂ ಆ ಬೆಳಗಿನ ಶಬ್ದವಿದೆ. ಅದು ಸಹಜ, ಅದು ಇರಲೇಬೇಕು. ಆದರೆ ಕೊಲೆಗೆ ಮೊದಲು ಅವರ ಬಗ್ಗೆ ಬಂದ ಮಾತುಗಳು, ಶಾಸನ ಓದುವ ಅವರ ಪರಿಶ್ರಮ, ವಚನಗಳ ಪಾಠ ನಿರ್ಣಯದ ಶಿಸ್ತು, ವಿದ್ಯಾರ್ಥಿಗಳನ್ನು ಬೈದು ಬರೆಸಿದ ರೀತಿ ಇವನ್ನು ಕುರಿತವು, ಈಗಲೇ ಹಿಂದೆ ಸರಿಯುತ್ತಿವೆ. ಹುತಾತ್ಮನ ಮುಖದ ಹಿಂದೆ ಪಂಡಿತನ ಮುಖ ಮರೆಯಾಗುವುದು ಅವರು ಬದುಕಿದ್ದರೆ ಒಪ್ಪುತ್ತಿದ್ದ ಸಂಗತಿಯಲ್ಲ. 2015ಕ್ಕೆ ಮುಂಚಿನ ಲೇಖನಗಳನ್ನೇ ಬೇರೆಯಾಗಿ ಸಂಗ್ರಹಿಸುವ ಕೆಲಸವನ್ನು ಅವುಗಳನ್ನು ಬರೆದವರು ಇರುವಾಗಲೇ ಕೈಗೊಳ್ಳುವುದು ಒಳ್ಳೆಯದು.

ಕಡೆಯದಾಗಿ ವ್ಯವಹಾರದ ಮಾತು. ಹಳೆಯದೆಂದ ಮಾತ್ರಕ್ಕೆ ಯಾರು ಬೇಕಾದರೂ ಅಚ್ಚು ಹಾಕಬಹುದೆಂದು ತಿಳಿದವರಿದ್ದಾರೆ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಲೇಖಕ ತೀರಿಕೊಂಡ ಮರುವರ್ಷದ ಮೊದಲಿನಿಂದ 60 ವರ್ಷ ಅವನ ವಾರಸುದಾರರಿಗೆ ಹಕ್ಕಿರುತ್ತದೆ. 1939ರಲ್ಲಿ ಗತಿಸಿದ ವೆಂಕಣ್ಣಯ್ಯನವರ ಬರಹಕ್ಕೆ ಈಗ ಅಡ್ಡಿಯಿಲ್ಲ. 1968ರಲ್ಲಿ ಗತಿಸಿದ ಎ. ಆರ್. ಕೃಷ್ಣಶಾಸ್ತ್ರಿಗಳ ಬರಹ 2028ರ ಕೊನೆಯ ವರೆಗೆ, 1986ರಲ್ಲಿ ಗತಿಸಿದ ಮಾಸ್ತಿಯವರದು 2046ರ ವರೆಗೆ ಹಕ್ಕಿಗೆ ಒಳಪಟ್ಟದ್ದು. ಹೆಸರಿಲ್ಲದೆ ಬಂದ ಲೇಖನಕ್ಕೆ ಪ್ರಕಟವಾದ ಕಾಲದಿಂದ ಅಷ್ಟೇ ವರ್ಷ. ಆದ್ದರಿಂದ 1928ರ ಕಲಬುರ್ಗಿಯ ಸಮ್ಮೇಳನದ ಹೆಸರಿಲ್ಲದ ವರದಿಗಳು, ಸ್ವಾಗತದ ಮಾತುಗಳು ಎಂದೋ ಬಿಡುಗಡೆಯಾಗಿವೆ. ಹುಡುಕುವವರಿಗೆ ಕಾನೂನಿನ ತಡೆಯಿಲ್ಲ, ಗೆದ್ದಲಿನ ತಡೆ ಮಾತ್ರ.

ಸಂಪುಟದ ಮೊದಲಲ್ಲಿ ಏನಿಡಬೇಕೆಂದು ನಮ್ಮನ್ನು ಕೇಳಿದರೆ, 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಶ್ರೀಯವರು ಮಾಡಿದ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣವನ್ನು ಮೊದಲಿಟ್ಟು, ಅದರ ಮೇಲೆ ಆಗಿನವರು ಎತ್ತಿದ ಆಕ್ಷೇಪಗಳನ್ನು ಎರಡನೆಯದಾಗಿ ಇಡುವುದು ಲೇಸು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅಧಿಕಾರವಿಲ್ಲ, ಬಿರುದಿಲ್ಲ, ಪುಸ್ತಕವಿಲ್ಲ. ಮುಂಬಯಿ ಪ್ರಾಂತದ ಊರಲ್ಲಿ ಮೈಸೂರಿನ ತರುಣ ಅಧ್ಯಾಪಕನ ಮಾತನ್ನು ಜನ ಕೂತು ಕೇಳಿದ್ದರು. ಮೂರನೆಯದಾಗಿ ಕಲಬುರ್ಗಿಯ ಪುಟಗಳು. ಅವನ್ನು ಬೆಂಗಳೂರಿನಲ್ಲಿ ಕೂತು ಹುಡುಕಿದರೆ ಸಿಕ್ಕಲಾರವು. ಜೇವರ್ಗಿ, ಅಫಜಲಪುರ, ಆಳಂದದ ಹಳೆಯ ಮನೆಗಳ ಅಟ್ಟಗಳನ್ನು, ಶಾಲೆಗಳ ಕಪಾಟುಗಳನ್ನು ಇಲ್ಲಿನ ಕಾಲೇಜುಗಳ ಕನ್ನಡ ಅಧ್ಯಾಪಕರೇ ತೆರೆಸಬೇಕು, ಬರುವ ಮಳೆಗಾಲಕ್ಕೆ ಮುಂಚೆ.